ಗುಡ್ಡದ ಬುಡಕ್ಕೆ ಮನೆಯನ್ನೂ ಒಯ್ಯಬೇಕೆ?

ಪ್ರಶ್ನೆ: ಡಿಸೆಂಬರ್ ತಿಂಗಳಲ್ಲಿ ಕ್ಯಾರವಾನ್ ಒಂದನ್ನು ಬಾಡಿಗೆಗೆ ಪಡೆದು ಮನೆಯವರೆಲ್ಲರೂ ಕಾರವಾರಕ್ಕೆ ಹೋಗಬೇಕೆಂದಿದ್ದೇವೆ. ತಾಯಿಯವರಿಗೆ ಮೊಣಕಾಲು ನೋವು. ಮಕ್ಕಳಿಬ್ಬರಿಗೆ ಚಾರಣದ ಹುಚ್ಚು. ಗಾಡಿಯಲ್ಲಿಯೇ ಮಲಗಿ, ಅಡುಗೆಯನ್ನೂ ಅಲ್ಲಿಯೇ ಮಾಡಿಕೊಂಡು, ದಿನಕ್ಕೊಂದು ಗುಡ್ಡಕ್ಕೆ ಹೋಗುವುದು ಸಾಧ್ಯವೇ? ಕಾರಿನ ಲೈಸೆನ್ಸ್ ಸಾಕೇ?
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಲೈಸೆನ್ಸಿನ ಮಾತನ್ನು ಮೊದಲು ಮುಗಿಸೋಣ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಲಘು ಮೋಟಾರು ವಾಹನದ ಲೈಸೆನ್ಸ್ ಸಾಕು. ಹಳದಿ ಫಲಕದ ವಾಹನಕ್ಕೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ದಿನಕ್ಕೊಂದು ಗುಡ್ಡ ಹತ್ತುವುದು ಸಾಧ್ಯ. ದಿನವೂ ಗುಡ್ಡದ ಬುಡದವರೆಗೆ ಕ್ಯಾರವಾನ್ ಒಯ್ಯುವುದು ಮಾತ್ರ ಬೇಡ. ಉತ್ತರ ಕನ್ನಡದ ಒಳರಸ್ತೆಗಳು ಕಿರಿದು, ಕೊಂಬೆಗಳು ತಗ್ಗು, ಎದುರಿಗೆ ಬಸ್ಸು ಬಂದರೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಕಾರವಾರದಲ್ಲಿ ಒಂದೇ ಕಡೆ ಗಾಡಿಯನ್ನು ನಿಲ್ಲಿಸಿ, ಅದನ್ನು ಮನೆಯೆಂದೇ ಬಳಸಿ, ಚಾರಣಕ್ಕೆ ಸಾರಿಗೆ ಬಸ್ಸಿನಲ್ಲಿಯೋ ಬಾಡಿಗೆ ಕಾರಿನಲ್ಲಿಯೋ ಹೋಗಿ ಬರುವುದು ಲೇಸು. ಹೀಗೆ ಮಾಡಿದರೆ ತಾಯಿಯವರು ಪ್ರತಿದಿನ ಹಾಸಿಗೆ ಮಡಚಿ ಪ್ರಯಾಣಕ್ಕೆ ಸಿದ್ಧರಾಗುವ ಕಷ್ಟವೂ ತಪ್ಪುತ್ತದೆ.

ನಿಮ್ಮೂರಿನಿಂದ ದಾರಿ ಸರಳ. ಗದ್ದನಕೇರಿ ಕ್ರಾಸಿನಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 52, ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರಗಳ ಮೇಲೆ ಹಾದು ಅಂಕೋಲೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೆ ತಿರುಗಿದರೆ ಕಾರವಾರ. ನವಲಗುಂದದ ಎರೆಭೂಮಿಯ ನೇರ ರಸ್ತೆಗೆ ಒಗ್ಗಿದ ಕೈ ಯಲ್ಲಾಪುರದಾಚೆಯ ಅರಬೈಲ್ ಘಟ್ಟದಲ್ಲಿ ಬೇರೆಯದೇ ರೀತಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುವುದರಿಂದ, ಇಳಿಜಾರು ಆರಂಭವಾಗುವ ಮುನ್ನವೇ ಗೇರ್ ಇಳಿಸಿ, ಎಂಜಿನ್ನಿನಿಂದಲೇ ವೇಗವನ್ನು ತಡೆಯಬೇಕು. 100 ಲೀಟರ್ ನೀರೆಂದರೆ 100 ಕೆ.ಜಿ. ಭಾರ, ಆದ್ದರಿಂದ ಟ್ಯಾಂಕನ್ನು ಹುಬ್ಬಳ್ಳಿಯಲ್ಲಿ ತುಂಬಿಸದೆ, ಘಟ್ಟ ಇಳಿದ ಮೇಲೆ ಅಂಕೋಲೆಯಲ್ಲಿ ತುಂಬಿಸಿಕೊಳ್ಳಿ. ಗಾಡಿ ಓಡುವಾಗ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಲಿ.

ಕಡಲ ತೀರಕ್ಕೆ ಹೋದವರೆಲ್ಲ ಅಲೆಗಳ ಅಂಚಿನಲ್ಲಿಯೇ ಗಾಡಿ ನಿಲ್ಲಿಸಲು ಬಯಸುತ್ತಾರೆ. ಮರಳಿನಲ್ಲಿ ಹೂತ ಭಾರಿ ಗಾಡಿಯನ್ನು ಎಳೆಯುವುದು ಸುಲಭವಲ್ಲ; ಅಲ್ಲದೆ ಚಳಿಗಾಲದಲ್ಲಿ ಈ ಕರಾವಳಿಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಗಾಡಿಯ ದೀಪ ಅವುಗಳಿಗೆ ದಾರಿ ತಪ್ಪಿಸುತ್ತದೆ. ಕಾಂಪೌಂಡು ಇರುವ ಹೋಟೆಲು ಅಥವಾ ಹೋಂಸ್ಟೇ ಒಂದನ್ನು ಮೊದಲೇ ವಿಚಾರಿಸಿ, ವಿದ್ಯುತ್ತು, ನೀರು ಹಾಗೂ ಶೌಚದ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ ಮೂರನ್ನೂ ಮಾತಾಡಿಕೊಂಡು ಹೋಗಿ. ಮೂರನೆಯದನ್ನು ಕೇಳಲು ಸಂಕೋಚಪಟ್ಟವರೇ ಕೊನೆಗೆ ಅದನ್ನು ಹೊಳೆಗೆ ಸುರಿಯುತ್ತಾರೆ.

ಅಡುಗೆಗೆ ಸಂಬಂಧಿಸಿದಂತೆ ಒಂದು ಮಾತು: ನಮ್ಮ ಕಡೆ ತಿಂಗಳುಗಟ್ಟಲೆ ಗರಿಗರಿಯಾಗಿ ಉಳಿಯುವ ಖಡಕ್ ರೊಟ್ಟಿ ಕರಾವಳಿಯ ತೇವದ ಗಾಳಿಗೆ ಬಹುಬೇಗ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಶೇಂಗಾ ಚಟ್ನಿಯೊಡನೆ ಒಯ್ದರೆ ಬೆಳಗಿನ ಚಾರಣಕ್ಕೆ ಒಲೆ ಹಚ್ಚುವ ಅಗತ್ಯವೇ ಇಲ್ಲ.

ಮೊದಲ ಸಂಜೆಗೆ ಸದಾಶಿವಗಡ ತಕ್ಕುದು. ಕಾಳಿ ಸೇತುವೆಯ ಆಚೆ, ಹೆದ್ದಾರಿಯ ಪಕ್ಕದಲ್ಲಿಯೇ ಇರುವ ಈ ಕೋಟೆಗುಡ್ಡವನ್ನು ಸೋಂದೆಯ ಅರಸರು ಕಟ್ಟಿಸಿದರು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿ.ಮೀ. ಹರಿದು ಬಂದ ಕಾಳಿ ನದಿ ಸಮುದ್ರ ಸೇರುವುದು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಊರಿಗೆ ಹತ್ತಿರದ ಗುಡ್ಡೆಹಳ್ಳಿಯ ಶಿಖರ ಕಾಡಿನೊಳಗಿನ ನಿಜವಾದ ಏರು. ಅದಕ್ಕೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಸ್ಥಳೀಯರೊಬ್ಬರನ್ನು ಕರೆದುಕೊಂಡು, ಬೆಳಿಗ್ಗೆಯೇ ಹೊರಡಬೇಕು. ನನ್ನ ಆಯ್ಕೆ ಕೇಳಿದರೆ, ಒಂದು ಇಡೀ ದಿನವನ್ನು ಗೋಕರ್ಣಕ್ಕೆ ಕೊಡುತ್ತೇನೆ: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಬೆಸೆಯುವ ಬಂಡೆಗುಡ್ಡಗಳ ಕಾಲುದಾರಿಯಲ್ಲಿ ಕಡಲು ಒಂದು ಬದಿ, ಕಾಡು ಇನ್ನೊಂದು ಬದಿ ಇರುತ್ತವೆ, ಕತ್ತಲಾಗುವ ಮುನ್ನ ಮರಳಿದರೆ ಅಪಾಯವೂ ಕಡಿಮೆ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಹಾಗೂ 90 ಮೀಟರ್ ಎತ್ತರದ ಮೋಹಿನಿ ಶಿಖರವಿರುವ ಯಾಣವನ್ನು ಇನ್ನೊಂದು ದಿನಕ್ಕಿಡಿ. ಮಕ್ಕಳು ಅಲ್ಲಿರುವಾಗ ತಾಯಿಯವರಿಗೆ ಕಾರವಾರದ ಟ್ಯಾಗೋರ್ ಕಡಲತೀರದ ನಡಿಗೆ, ಅಲ್ಲಿಯೇ ಇರುವ ಯುದ್ಧನೌಕೆ ಸಂಗ್ರಹಾಲಯ ಸಾಕು. ತರುಣ ರವೀಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದು ತಂಗಿದ್ದರು.

ಡಿಸೆಂಬರಿನಿಂದ ಮೇವರೆಗೆ ಜಿಲ್ಲೆಯ ಕಾಡುಗಳಲ್ಲಿ ಮಂಗನ ಕಾಯಿಲೆಯ ಭಯವಿರುತ್ತದೆ. ಅದು ಉಣ್ಣೆ ಎಂಬ ರಕ್ತ ಹೀರುವ ಹುಳ ಕಚ್ಚುವುದರಿಂದ ಬರುವ ರೋಗ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮರಳಿದೊಡನೆ ಬಿಸಿನೀರಿನ ಸ್ನಾನ ಇವನ್ನು ತಪ್ಪಿಸಬೇಡಿ. ಮಂಗ ಸತ್ತ ಸುದ್ದಿಯಿರುವ ಕಡೆಗೆ ಹೋಗಲೇಬೇಡಿ.

ಪ್ರಶ್ನೆ: ಬೆಳಗಾವಿಯಿಂದ ಅಣಶಿ ಘಟ್ಟದ ಮೂಲಕ ಕಾರವಾರಕ್ಕೆ ಕ್ಯಾರವಾನ್ ಒಯ್ಯಬಹುದೇ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಖಾನಾಪುರ, ರಾಮನಗರ, ಜೋಯಿಡಾ, ಅಣಶಿ, ಕದ್ರಾ ಮಾರ್ಗ ನಕ್ಷೆಯಲ್ಲಿ ಹತ್ತಿರ, ನೋಡಲು ಸುಂದರ; ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕಿರಿದಾದ, ತಿರುವುಗಳ ದಾರಿ. ಟೆಂಪೊ ಟ್ರಾವೆಲರ್ ಗಾತ್ರದ ಗಾಡಿಯಾದರೆ ಹಗಲಿನಲ್ಲಿ ಹೋಗಬಹುದು. ಅದಕ್ಕಿಂತ ಉದ್ದದ್ದಾದರೆ ಧಾರವಾಡದ ಮೇಲೆ ಹುಬ್ಬಳ್ಳಿಗೆ ಬಂದು ಹೆದ್ದಾರಿ 52 ಹಿಡಿಯಿರಿ. ಮಳೆಗಾಲದಲ್ಲಿ ಮಾತ್ರ ಗಾಡಿ ಯಾವುದೇ ಇರಲಿ, ಗುಡ್ಡ ಕುಸಿತದ ಸುದ್ದಿಯನ್ನು ಪೊಲೀಸರಲ್ಲಿ ವಿಚಾರಿಸದೆ ಅಣಶಿ, ಅರಬೈಲ್ ಎರಡೂ ಘಟ್ಟಗಳನ್ನು ಇಳಿಯಬೇಡಿ.