ಹೊಸ ಬೋಧನಾ ಪದ್ಧತಿ ಒಂದೇ ಸೆಮಿಸ್ಟರಿಗೆ ನಿಂತುಹೋಯಿತೇಕೆ?

ಪ್ರಶ್ನೆ: ನಮ್ಮದು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಪದವಿ ಕಾಲೇಜು. ಕಳೆದ ವರ್ಷ ಎಲ್ಲ ವಿಭಾಗಗಳಲ್ಲೂ ಒಟ್ಟಿಗೇ ‘ಮನೆಯಲ್ಲಿ ವಿಡಿಯೊ, ತರಗತಿಯಲ್ಲಿ ಚರ್ಚೆ’ ಎಂದು ಶುರು ಮಾಡಿದೆವು. ಮೂರೇ ತಿಂಗಳಲ್ಲಿ ಅಧ್ಯಾಪಕರು ಮತ್ತೆ ನೋಟ್ಸ್ ಬರೆಸತೊಡಗಿದರು. ಎಲ್ಲಿ ತಪ್ಪಿದೆವು?
– ಒಬ್ಬ ಪ್ರಾಂಶುಪಾಲರು

ಉತ್ತರ: ಅಧ್ಯಾಪಕರನ್ನು ದೂರಬೇಡಿ. ಪರೀಕ್ಷೆಯಲ್ಲಿ ‘ವಿವರಿಸಿ’, ‘ಟಿಪ್ಪಣಿ ಬರೆಯಿರಿ’ ಎಂದೇ ಕೇಳುತ್ತಿದ್ದರೆ ಮಕ್ಕಳು ನೋಟ್ಸನ್ನೇ ಬಯಸುತ್ತಾರೆ. ಈ ಸಲ ಒಂದೇ ಪತ್ರಿಕೆ, ತಾವಾಗಿ ಮುಂದೆ ಬಂದ ಇಬ್ಬರು ಅಧ್ಯಾಪಕರು ಸಾಕು. ವೇಳಾಪಟ್ಟಿ ಹಾಕುವಾಗಲೇ ಅವರ ಕಾರ್ಯಭಾರದಲ್ಲಿ ವಾರಕ್ಕೆ ಎರಡು ಗಂಟೆ ಇಳಿಸಿ. ಆಂತರಿಕ ಪರೀಕ್ಷೆಯಲ್ಲಿ ಕೆಲವು ಅಂಕ ಹೊಸ ಬಗೆಯ ಪ್ರಶ್ನೆಗಳಿಗಿರಲಿ.

ವಿಡಿಯೊ ಇಲ್ಲದೆಯೂ ಆಗುತ್ತದೆ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ 1991ರಲ್ಲಿ ಭೌತಶಾಸ್ತ್ರ ತರಗತಿಗೆ ತಂದ ಪದ್ಧತಿ ನೋಡಿ. ಹಿಂದಿನ ದಿನ ನಾಲ್ಕೈದು ಪುಟ ಓದಿಕೊಂಡು ಬರಲು ಹೇಳಿ. ತರಗತಿಯಲ್ಲಿ ಒಂದು ಪ್ರಶ್ನೆ: ತುಂಬಿದ ಲಾರಿ ಸಣ್ಣ ಕಾರಿಗೆ ಡಿಕ್ಕಿ ಹೊಡೆದರೆ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ? ಪ್ರತಿಯೊಬ್ಬರೂ ಒಂದೆರಡು ನಿಮಿಷ ಮಾತಾಡದೆ ಯೋಚಿಸಿ, ಎ, ಬಿ, ಸಿ, ಡಿ ಬರೆದ ರಟ್ಟಿನ ಚೀಟಿ ಎತ್ತಲಿ. ಸರಿಯುತ್ತರ ಶೇ. 30ರಿಂದ 70ರಷ್ಟಿದ್ದರೆ ಪಕ್ಕದವರ ಜೊತೆ ವಾದಿಸಿ ಮತ್ತೆ ಎತ್ತಲಿ. 30ಕ್ಕಿಂತ ಕಡಿಮೆಯಾದರೆ ಪಾಠ ಮತ್ತೆ ಮಾಡಿ, 70 ದಾಟಿದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ಲಾರಿ ಎನ್ನುವವರೂ ಕಾರು ಎನ್ನುವವರೂ ತರಗತಿಯಲ್ಲಿ ಸಿಗುತ್ತಾರೆ. ಬಲ ಎರಡರ ಮೇಲೂ ಒಂದೇ. ಹಗುರವಾದ ಕಾರಿನ ವೇಗ ಹೆಚ್ಚು ಬದಲಾಗುವುದರಿಂದ ಪೆಟ್ಟು ಅದಕ್ಕೇ ಜಾಸ್ತಿ ಎಂಬುದು ಆ ವಾದದಲ್ಲೇ ಬಿಡಿಸಿಕೊಳ್ಳಬೇಕು. ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿಯುತ್ತದೆ, ಒಂದು ಪೀರಿಯಡ್‌ಗೆ ಮೂರ್ನಾಲ್ಕಕ್ಕಿಂತ ಹೆಚ್ಚು ಹಾಕಬೇಡಿ. ಓದಿ ಬರದಿದ್ದರೆ ಸಿಲಬಸ್ ಮುಗಿಯುವುದಿಲ್ಲ; ಪದ್ಧತಿ ಕುಸಿಯುವುದು ಬಹುಪಾಲು ಇಲ್ಲೇ.

‘ಸರ್ ಪಾಠವನ್ನೇ ಮಾಡ್ತಿಲ್ಲ’ ಎಂಬ ದೂರು ಬಂದೇ ಬರುತ್ತದೆ. ಹೀಗೇಕೆ ಎಂದು ಮೊದಲ ದಿನವೇ ಹೇಳಿಬಿಡಿ.

ಫಲ ಅಳೆಯಲು ಒಂದೇ ಪ್ರಶ್ನೆಪತ್ರಿಕೆಯನ್ನು ಸೆಮಿಸ್ಟರಿನ ಆರಂಭದಲ್ಲೂ ಕೊನೆಗೂ ಕೊಡಿ. 30ಕ್ಕೆ ಸರಾಸರಿ 10 ಇದ್ದದ್ದು 16 ಆದರೆ, ಗಳಿಸಬಹುದಾಗಿದ್ದ 20ರಲ್ಲಿ 6 ಬಂತು, ಅಂದರೆ 0.3. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ 62 ಭೌತಶಾಸ್ತ್ರ ಕೋರ್ಸುಗಳನ್ನು ಹೀಗೆ ಅಳೆದಾಗ ಬರೀ ಉಪನ್ಯಾಸದವು ಸರಾಸರಿ 0.23, ಮಕ್ಕಳನ್ನು ತೊಡಗಿಸಿಕೊಂಡವು 0.48 ಗಳಿಸಿದ್ದವು. ಬರೀ ಕೊನೆಯ ಅಂಕ ನೋಡಿದರೆ ಮೊದಲೇ ಜಾಣರಿದ್ದ ಬ್ಯಾಚು ಗೆದ್ದಂತೆ ಕಾಣುತ್ತದೆ.

ಬಳಸಿದ ಪ್ರತಿ ಪ್ರಶ್ನೆಯನ್ನೂ, ಎಷ್ಟು ಮಂದಿ ಸರಿಯುತ್ತರ ಹೇಳಿದರೆಂಬ ಲೆಕ್ಕವನ್ನೂ ಒಂದು ಫೈಲಿನಲ್ಲಿ ಇಡಿಸಿ. ಆ ಇಬ್ಬರು ವರ್ಗವಾಗಿ ಹೋದರೂ ಫೈಲು ವಿಭಾಗದಲ್ಲೇ ಉಳಿಯಲಿ.