ಓದುಗರ ಪ್ರಶ್ನೆ: ರೋಮಿಗೆ ಬಂದ ಎಣ್ಣೆ, ಗೋಧಿ

ಪ್ರಶ್ನೆ: ರೋಮಿನ ಮಾಂಟೆ ಟೆಸ್ಟಾಚ್ಚೊ ಗುಡ್ಡ ಪೂರ್ತಿ ಒಡೆದ ಜಾಡಿಗಳದ್ದೇ ಅಂತೆ. ಅವನ್ನು ಮತ್ತೆ ಬಳಸಲಿಲ್ಲವೇಕೆ?

ಉತ್ತರ: ಸುಮಾರು 35 ಮೀಟರ್ ಎತ್ತರದ ಈ ಗುಡ್ಡದಲ್ಲಿರುವ ಬಹುಪಾಲು ಚೂರುಗಳು ಬೈಟಿಕಾ ಪ್ರಾಂತ್ಯದಿಂದ, ಅಂದರೆ ಇಂದಿನ ದಕ್ಷಿಣ ಸ್ಪೇನಿನಿಂದ, ಆಲಿವ್ ಎಣ್ಣೆ ತುಂಬಿಕೊಂಡು ಬಂದ ಗುಂಡು ಹೊಟ್ಟೆಯ ಗುಡಾಣಗಳವು. ಬರಿಯ ಗುಡಾಣವೇ ಸುಮಾರು 30 ಕಿಲೊ, ಒಳಗಿನ ಎಣ್ಣೆ 70 ಕಿಲೊ. ದ್ರಾಕ್ಷಾರಸದ ಜಾಡಿಗಳ ಒಳಮೈಗೆ ರಾಳ ಬಳಿಯುತ್ತಿದ್ದರು. ಎಣ್ಣೆಯಲ್ಲಿ ರಾಳ ಕರಗುವುದರಿಂದ ಇವುಗಳಿಗೆ ಬಳಿಯುವಂತಿರಲಿಲ್ಲ. ಎಣ್ಣೆ ಮಣ್ಣಿಗೇ ಇಳಿದು ಕಮಟು ಹಿಡಿಯುತ್ತಿತ್ತು, ಹೊಸದಾಗಿ ತುಂಬಿದ್ದೂ ಕೆಡುತ್ತಿತ್ತು. ಹಾಗಾಗಿ ಒಡೆದು ಒಟ್ಟಿ, ವಾಸನೆ ಅಡಗಲೆಂದು ಮೇಲೆ ಸುಣ್ಣ ಚೆಲ್ಲಿದರು.

ನಿಜವಾದ ಸಂಪತ್ತು ಆ ಚೂರುಗಳ ಮೇಲಿನ ಬರಹ. ಹಿಡಿಕೆಗೆ ಒತ್ತಿದ ಮುದ್ರೆ ಗುಡಾಣ ತಯಾರಾದ ಕಡೆಯದು. ಉಳಿದದ್ದನ್ನೆಲ್ಲ ಬಣ್ಣದಲ್ಲಿ ಬರೆದಿದ್ದಾರೆ: ಮೇಲೆ ಖಾಲಿ ಗುಡಾಣದ ತೂಕ, ಅದರ ಕೆಳಗೆ ವ್ಯಾಪಾರಿಯ ಹೆಸರು, ಆಮೇಲೆ ಎಣ್ಣೆಯ ತೂಕ. ಲೆಕ್ಕ ರೋಮನ್ ಪೌಂಡಿನಲ್ಲಿ, ಒಂದಕ್ಕೆ ಸುಮಾರು 327 ಗ್ರಾಂ. ಹಿಡಿಕೆಯ ಪಕ್ಕ ಓರೆಯಾಗಿ, ಗೀಚು ಅಕ್ಷರದಲ್ಲಿ ತಪಾಸಣೆಯ ಷರಾ: ಹಿಸ್ಪಾಲಿಸ್ (ಇಂದಿನ ಸೆವಿಲ್ಲೆ), ಕಾರ್ಡುಬಾ ಇಂಥ ಊರಿನ ಹೆಸರು, ಜೊತೆಗೆ ಆ ವರ್ಷದ ಇಬ್ಬರು ಉನ್ನತ ಅಧಿಕಾರಿಗಳಾದ ಕಾನ್ಸುಲ್‌ಗಳ ಹೆಸರು. ಕಾನ್ಸುಲ್‌ಗಳ ಪಟ್ಟಿ ನಮಗೆ ಸಿಕ್ಕಿರುವುದರಿಂದ ಒಂದು ಚೂರಿನ ವರ್ಷವನ್ನೇ ಹೇಳಬಹುದು. ದಾರಿಯಲ್ಲಿ ಯಾರಾದರೂ ಎಣ್ಣೆ ಕದ್ದರೆ ರೋಮಿನಲ್ಲಿ ತೂಗಿದಾಗ ಸಿಕ್ಕಿಬೀಳುತ್ತಿತ್ತು.

ಪ್ರಶ್ನೆ: ಸಿಸಿಲಿಯ ರೈತರಿಗೆ ತೆರಿಗೆ ಹತ್ತನೇ ಒಂದು ಪಾಲು ಮಾತ್ರ. ಮತ್ತೆ ಅಲ್ಲಿನ ರೋಮನ್ ರಾಜ್ಯಪಾಲ ವೆರ್ರೆಸ್ ವಿರುದ್ಧ ಅಷ್ಟು ದೂರು ಏಕೆ?

ಉತ್ತರ: ದರವನ್ನು ಅವನು ಮುಟ್ಟಲೇ ಇಲ್ಲ, ವಸೂಲಿಯ ಕ್ರಮವನ್ನು ಕೆಡಿಸಿದ. ದಶಾಂಶ ಎತ್ತುವ ಹಕ್ಕು ಹರಾಜಾಗುತ್ತಿತ್ತು. ಗುತ್ತಿಗೆದಾರ ಹೇಳಿದಷ್ಟು ಧಾನ್ಯವನ್ನು ರೈತ ಮೊದಲು ಅಳೆದು ಕೊಡಬೇಕು, ತಕರಾರಿದ್ದರೆ ಆಮೇಲೆ ದಾವೆ ಹೂಡಲಿ ಎಂದು ವೆರ್ರೆಸ್ ಆಜ್ಞೆ ಹೊರಡಿಸಿದ. ಹೆಚ್ಚು ಕಿತ್ತವನಿಗೆ ಎಂಟು ಪಟ್ಟು ದಂಡವೇನೋ ಇತ್ತು. ಆದರೆ ತೀರ್ಪು ಕೊಡಲು ಕೂರುತ್ತಿದ್ದವರು ಅವನದೇ ಪರಿವಾರದವರು. ಯಾವ ರೈತ ಕೋರ್ಟಿಗೆ ಹೋದಾನು? ಕ್ರಿ.ಪೂ. 70ರಲ್ಲಿ ವಕೀಲ, ವಾಗ್ಮಿ ಸಿಸೆರೊ ಅವನ ಮೇಲೆ ಮೊಕದ್ದಮೆ ನಡೆಸಿದ. ತೀರ್ಪಿಗೆ ಮೊದಲೇ ವೆರ್ರೆಸ್ ದೇಶ ಬಿಟ್ಟ.

ಪ್ರಶ್ನೆ: ಈಜಿಪ್ಟಿನ ಗೋಧಿ ಹಡಗುಗಳು ವರ್ಷವಿಡೀ ಓಡುತ್ತಿದ್ದವೇ?

ಉತ್ತರ: ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾನ ಬಹುಮಟ್ಟಿಗೆ ನಿಲ್ಲುತ್ತಿತ್ತು. ಬೇಸಿಗೆಯಲ್ಲೂ ವಾಯವ್ಯದ ಗಾಳಿ ಎದುರಾಗಿ, ಅಲೆಕ್ಸಾಂಡ್ರಿಯಾದಿಂದ ಇಟಲಿಗೆ ತಿಂಗಳಿಗೂ ಹೆಚ್ಚು ಹಿಡಿಯುತ್ತಿತ್ತು. ವಾಪಸಾಗುವಾಗ ಅದೇ ಗಾಳಿ ಬೆನ್ನಿಗೆ. ಚಳಿಗಾಲದಲ್ಲೂ ಧಾನ್ಯ ತರುವ ವ್ಯಾಪಾರಿಗಳಿಗೆ, ಬಿರುಗಾಳಿಯ ನಷ್ಟವನ್ನು ತಾನೇ ಭರಿಸುವುದಾಗಿ ಚಕ್ರವರ್ತಿ ಕ್ಲಾಡಿಯಸ್ ಮಾತು ಕೊಟ್ಟಿದ್ದ. ದಡ ಮುಟ್ಟಿದರೂ ಗಂಡಾಂತರ ತಪ್ಪುತ್ತಿರಲಿಲ್ಲ: ಕ್ಲಾಡಿಯಸನೇ ಕಟ್ಟಿಸಲು ಆರಂಭಿಸಿದ್ದ ಬಂದರಿನ ಒಳಗೇ ಕ್ರಿ.ಶ. 62ರಲ್ಲಿ ಸುಮಾರು 200 ಹಡಗುಗಳು ಬಿರುಗಾಳಿಗೆ ನಾಶವಾದವು. ಮುಂದೆ ಚಕ್ರವರ್ತಿ ಟ್ರಾಜನ್ ಅದರ ಹಿಂದೆ, ಒಳನಾಡಿಗೆ ಸರಿದು, ಹಡಗು ನಿಲ್ಲಲು ಆರು ಮೂಲೆಯ ಇನ್ನೊಂದು ಕೊಳ ತೋಡಿಸಿದ.