ಕಂದು ಮಾತ್ರೆಯ ವಾರ

26ರ ಹೆಣ್ಣುಮಗಳು, ಒಂದು ಮಗುವಿದೆ. ಫಿಟ್ಸ್ ತಡೆಯುವ ಲ್ಯಾಮೋಟ್ರಿಜಿನ್ ಮಾತ್ರೆ ದಿನಕ್ಕೆ 200 ಮಿ.ಗ್ರಾಂ ನುಂಗುತ್ತಾ 2 ವರ್ಷ ಫಿಟ್ಸ್ ಇಲ್ಲದೆ ಇದ್ದವಳು. ಮತ್ತೆ ಶುರುವಾಯಿತು. ಡೋಸ್ 300ಕ್ಕೆ, ಆಮೇಲೆ 400ಕ್ಕೆ ಏರಿತು. ಮಾತ್ರೆ ತಪ್ಪಿಸುತ್ತಾಳೆಂಬ ದೂರಿನ ಮೇಲೆ ಆಪ್ತಸಲಹೆಗೆಂದು ನಮ್ಮ ಬಳಿ ಕಳಿಸಿದ್ದರು. ಖಾಲಿ ಸ್ಟ್ರಿಪ್ ಎಣಿಸಿದರೆ ಒಂದೂ ತಪ್ಪಿರಲಿಲ್ಲ.

ಎರಡನೇ ಭೇಟಿಯಲ್ಲಿ ಅತ್ತೆಯನ್ನು ಹೊರಗೆ ಕೂರಿಸಿದೆವು. "ಬೇರೆ ಔಷಧಿ ಏನಾದ್ರೂ ತಗೋತೀರಾ?" ಎಂದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಕೇಳಿದ್ದು, "ಸದ್ಯಕ್ಕೆ ಇನ್ನೊಂದು ಮಗು ಬೇಡ ಅಂತ ಏನು ಮಾಡ್ತಿದೀರಮ್ಮ?"

"ಆಶಾ ಅಕ್ಕ ಮಾಲಾ-ಎನ್ ಕೊಡ್ತಾರೆ. ಅತ್ತೆಗೆ ಗೊತ್ತಿಲ್ಲ." ತುಸು ತಡೆದು ತಾನಾಗಿಯೇ ಸೇರಿಸಿದಳು: "ಬಿಳಿ ಮಾತ್ರೆ ನುಂಗುವಾಗಲೇ ಫಿಟ್ಸ್ ಬರೋದು ಮೇಡಂ. ಕಂದು ಮಾತ್ರೆ ವಾರ ಬರಲ್ಲ. ಆದ್ರೆ ತಲೆ ತಿರುಗುತ್ತೆ, ಒಂದು ಬಲ್ಬ್ ಎರಡಾಗಿ ಕಾಣುತ್ತೆ."

ಕಾರಣ ಆ ಮಾತಿನಲ್ಲೇ ಇತ್ತು. ಮಾಲಾ-ಎನ್ ಗರ್ಭನಿರೋಧಕ ಸ್ಟ್ರಿಪ್ಪಿನ 21 ಬಿಳಿ ಮಾತ್ರೆಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇದೆ. ಅದು ಲ್ಯಾಮೋಟ್ರಿಜಿನನ್ನು ಯಕೃತ್ತಿನಲ್ಲಿ ಬೇಗ ಕರಗಿಸಿ, ರಕ್ತದ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 7 ಕಂದು ಮಾತ್ರೆ ಬರೀ ಕಬ್ಬಿಣಾಂಶ. ಆ ವಾರ ಮಟ್ಟ ಮತ್ತೆ ಏರುತ್ತದೆ, 400ರ ಡೋಸ್ ಆಗ ಹೆಚ್ಚಾಗುತ್ತದೆ. (ಫಿಟ್ಸಿನ ಬೇರೆ ಔಷಧಿಗಳಾದ ಕಾರ್ಬಮಜೆಪೈನ್, ಫೆನಿಟಾಯಿನ್ ವಿಷಯ ಇದರ ತಿರುಗುಮುರುಗು: ಅವು ಗರ್ಭನಿರೋಧಕದ ಬಲವನ್ನೇ ಕುಗ್ಗಿಸುತ್ತವೆ, ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು.)

ಅವಳಿಗೆ ಹೇಳಿದ್ದು ಇಷ್ಟು: ಲ್ಯಾಮೋಟ್ರಿಜಿನ್, ಮಾಲಾ-ಎನ್ ಎರಡರಲ್ಲಿ ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮಾಲಾ-ಎನ್ ಮಾತ್ರ ಬಿಟ್ಟರೆ 400 ವಿಷವಾದೀತು. ಲ್ಯಾಮೋಟ್ರಿಜಿನ್ ಬಿಟ್ಟರೆ ಫಿಟ್ಸ್ ಜೋರಾದೀತು. ಐದಾರು ದಿನ ತಪ್ಪಿದ ಮೇಲೆ ಹಳೆಯ ಡೋಸನ್ನೇ ನುಂಗಿದರೆ ಮೈಮೇಲೆ ಅಪಾಯಕಾರಿ ಗುಳ್ಳೆ ಏಳಬಹುದು, ಕಡಿಮೆ ಡೋಸಿನಿಂದ ಮತ್ತೆ ಹತ್ತಿಸಬೇಕು. ಮೊದಲು ಕಾಪರ್-ಟಿ, ಆಮೇಲೆ ಮಾಲಾ-ಎನ್‌ಗೆ ವಿದಾಯ, ಜೊತೆಗೇ ನರರೋಗ ತಜ್ಞರು ಡೋಸ್ ಇಳಿಸುವುದು. ಕಾಪರ್-ಟಿಯಲ್ಲಿ ಹಾರ್ಮೋನ್ ಇಲ್ಲ, ಹಾಗಾಗಿ ಈ ಜಗಳವೂ ಇಲ್ಲ.

ಅತ್ತೆಗೆ ಯಾಕೆ ತಿಳಿಸಲಿಲ್ಲ ಎಂದು ಸಹೋದ್ಯೋಗಿಗಳು ಕೇಳಿದರು. ಹೇಳುವುದು ಬಿಡುವುದು ಅವಳ ಇಷ್ಟ. ಗುಟ್ಟು ಹೊರಬೀಳುತ್ತದೆಂದು ಗೊತ್ತಿದ್ದರೆ ಬಾಯಿ ಬಿಡುತ್ತಿರಲಿಲ್ಲ, ಡೋಸ್ 500 ಆಗುತ್ತಿತ್ತು. ಮನೆಯವರೆಲ್ಲ ತಿರುವಿ ನೋಡುವ ಚೀಟಿಪುಸ್ತಕದಲ್ಲಿ ಮಾಲಾ-ಎನ್ ಬರೆಯಲಿಲ್ಲ. ವೈದ್ಯರಿಗೆ ಪ್ರತ್ಯೇಕ ಕಾಗದ, ಅಂಟಿಸಿದ ಲಕೋಟೆಯಲ್ಲಿ ಅವಳ ಕೈಗೇ ಕೊಟ್ಟೆವು.